ಹೊಟ್ಟೆ ಸೀಳಿದ ಅಕ್ಷರ

"ಯಾರೂ ಮುಟ್ಟಬೇಡಿ. ಮೂರನೇ ತಟ್ಟೆ ಹತ್ರ ಇರೋರು ಎರಡು ಹೆಜ್ಜೆ ಹಿಂದಕ್ಕೆ ಸರೀರಿ."

ವಿಜ್ಞಾನದ ಟೀಚರ್ ಆಡಿದ ಆ ಮಾತು ಅವಳ ಕಿವಿಗೇ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಪ್ರಯೋಗಶಾಲೆಯ ಉದ್ದನೆಯ ಕಲ್ಲುಮೇಜಿನ ಸುತ್ತ ನಿಂತಿದ್ದ ಒಂಬತ್ತನೆಯ ತರಗತಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊಟದ ಬಿಡುವಿಗೆ ಮುನ್ನ ಅವಳು ಆ ಮೇಜಿನ ಮೇಲೆ ಐದು ಗಾಜಿನ ತಟ್ಟೆಗಳನ್ನು ಕೈಯಾರೆ ಜೋಡಿಸಿ ಹೋಗಿದ್ದಳು. ಐದರಲ್ಲೂ ಬಿಳಿಯ ಪುಡಿ. ಒಂದರಲ್ಲಿ ಬರಿಯ ಉಪ್ಪು, ಒಂದರಲ್ಲಿ ಬರಿಯ ಸಕ್ಕರೆ, ಉಳಿದ ಮೂರರಲ್ಲಿ ಬೆರಕೆ. ಕಣ್ಣಿಗೆ ಸುಳಿವು ಸಿಗಬಾರದೆಂದು ಎಲ್ಲವನ್ನೂ ಹಿಟ್ಟಿನಷ್ಟು ನುಣ್ಣಗೆ ಅರೆದಿದ್ದಳು. ಮೂರನೆಯ ತಟ್ಟೆಯದು ಸಕ್ಕರೆ. ಅದರಲ್ಲೀಗ ಹರಳುಗಳು ಮಿನುಗುತ್ತಿದ್ದವು.

ಅರೆದ ಸಕ್ಕರೆ ತಾನಾಗಿ ಹರಳುಗಟ್ಟಿ ಕೂರುವುದಿಲ್ಲ. ಊಟದ ಹೊತ್ತಿನಲ್ಲಿ ಯಾರೋ ತಟ್ಟೆಯನ್ನು ಮುಟ್ಟಿದ್ದಾರೆ.

ಆರು ದಿನದ ಹಿಂದೆ, ಗುರುವಾರ, ಇದೇ ಮೇಜಿನ ತುದಿಯಲ್ಲಿ ಶಾಲೆಯ ಹಿರಿಯ ರಸಾಯನದ ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟವರು ಮತ್ತೆ ತಲೆ ಎತ್ತಿರಲಿಲ್ಲ. ಲ್ಯಾಬಿನ ಡಬ್ಬದ ಸಕ್ಕರೆಯಲ್ಲಿ ವಿಷದ ಬೇರಿಯಂ ಲವಣ ಬೆರೆತಿತ್ತು. ಚಹಾ ಮಾಡಿಕೊಟ್ಟವನು ಲ್ಯಾಬಿನ ಅಟೆಂಡರ್, ಈ ಟೀಚರ ಒಡಹುಟ್ಟಿದ ಅಣ್ಣ. ಅವನೀಗ ಪೊಲೀಸ್ ಲಾಕಪ್ಪಿನಲ್ಲಿದ್ದ.

ಮಕ್ಕಳನ್ನು ಹೊರಗೆ ಓಡಿಸಿದರೆ ಸುದ್ದಿ ಹಬ್ಬುತ್ತದೆ. ಸುದ್ದಿ ಹಬ್ಬಿದರೆ ತಟ್ಟೆ ಮುಟ್ಟಿದವರು ಎಚ್ಚರಗೊಳ್ಳುತ್ತಾರೆ. ಅವಳು ಮೂರನೆಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಪಾಠಕ್ಕೆ ತೊಡಗಿದಳು.

"ಶುದ್ಧ ವಸ್ತು ಅಂದ್ರೆ ಏನು?"

"ತೊಳೆದಿರೋದು ಮಿಸ್."

"ಹಾಗಾದ್ರೆ ನಿನ್ನ ಕೈ ಇವತ್ತು ಶುದ್ಧ ಅಲ್ಲ. ಮುಂದೆ?"

"ಹಾಲು ಮಿಸ್. ಪ್ಯಾಕೆಟ್ ಮೇಲೇ ಬರ್ದಿರುತ್ತೆ, ಶುದ್ಧ ಹಾಲು ಅಂತ."

"ಹಾಲಲ್ಲಿ ನೀರಿದೆ, ಕೊಬ್ಬಿದೆ, ಸಕ್ಕರೆ ಅಂಶ ಇದೆ. ವಿಜ್ಞಾನದ ಲೆಕ್ಕದಲ್ಲಿ ಅದು ಮಿಶ್ರಣ."

ಹಿಂದಿನ ಸಾಲಿನ ಉದ್ದನೆಯ ಹುಡುಗ, ಎಲ್ಲರೂ 'ಲಾಯರ್' ಎಂದು ಕರೆಯುವವನು, ಕೈ ಎತ್ತಿದ. "ಮೊದಲೇ ಮಿಶ್ರಣ ಅಂದ್ಮೇಲೆ ಹಾಲಿನವರು ಇನ್ನೊಂದು ಲೋಟ ನೀರು ಸೇರಿಸಿದ್ರೆ ಅಮ್ಮ ಯಾಕೆ ಬಯ್ತಾಳೆ ಮಿಸ್?"

ನಗು ಎದ್ದಿತು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು.

"ನಿಮ್ಮಮ್ಮನ ಶುದ್ಧ ಬೇರೆ, ನನ್ನ ಶುದ್ಧ ಬೇರೆ. ನನ್ನದಕ್ಕೆ ಒಂದೇ ಪರೀಕ್ಷೆ. ಎಲ್ಲಿಂದ ಚಿಟಿಕೆ ತೆಗೆದ್ರೂ ಅದೇ ವಸ್ತು, ಅದೇ ಗುಣ. ಮಿಶ್ರಣ ಹಾಗಲ್ಲ. ಒಂದೇ ಮನೇಲಿ ಇದ್ದೂ ಒಂದೊಂದು ಒಲೆ ಹೂಡ್ಕೊಂಡ ಅಣ್ಣತಮ್ಮಂದಿರ ಥರ. ಬೆರೆತಿರ್ತಾರೆ, ಆದ್ರೆ ಅವರವರ ಗುಣ ಬಿಟ್ಟಿರಲ್ಲ. ಉಪಾಯ ಗೊತ್ತಿದ್ರೆ ಬೇರೆ ಮಾಡಬಹುದು."

"ನಾಲಿಗೆಗೆ ಹಚ್ಚಿ ನೋಡಿದ್ರೆ ಗೊತ್ತಾಗಲ್ವಾ ಮಿಸ್?"

"ಈ ಬಾಗಿಲು ದಾಟೋವಾಗ ನಾಲಿಗೆ ಮನೇಲಿ ಇಟ್ಟು ಬನ್ನಿ ಅಂತ ಮೇಷ್ಟ್ರು ಎಷ್ಟು ಸಲ ಹೇಳಿದ್ರು?"

ಆ ಮಾತನ್ನು ಹೇಳಿಹೇಳಿಯೇ ಮುದುಕರಾದ ಮೇಷ್ಟ್ರು ತಮ್ಮ ನಾಲಿಗೆಯನ್ನು ಮಾತ್ರ ಲ್ಯಾಬಿಗೆ ತರುತ್ತಿದ್ದರು. ಸ್ಟಾಫ್ ರೂಮಿನ ಸಕ್ಕರೆಯಲ್ಲಿ ಇರುವೆ ಇರುತ್ತದೆಂದು ಅವರಿಗೆ ಲ್ಯಾಬಿನ 'ಶುದ್ಧ' ಸಕ್ಕರೆಯೇ ಆಗಬೇಕು. ಆ ಚಪಲವನ್ನು ಶಾಲೆಯಲ್ಲಿ ಅರಿಯದವರಿರಲಿಲ್ಲ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕಪ್ಪುಹಲಗೆಯತ್ತ ಬೆರಳು ತೋರಿಸಿದಳು. "ಮಿಸ್, ಬೋರ್ಡ್ ಮೇಲೆ ಶುದ್ಧ ತಪ್ಪಾಗಿದೆ. ಹೊಟ್ಟೆ ಸೀಳಿಲ್ಲ."

ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಶುದ್ದ ವಸ್ತು' ಎಂದಿತ್ತು. ಕೆಳಗಿನ ಒತ್ತಕ್ಷರಕ್ಕೆ ಮಹಾಪ್ರಾಣದ ಆ ಪುಟ್ಟ ಗೀಟು ಇರಲಿಲ್ಲ. ಅಕ್ಷರಾಭ್ಯಾಸದ ಮಕ್ಕಳು ಆ ಗೀಟು ಎಳೆಯುವುದನ್ನು ಹೊಟ್ಟೆ ಸೀಳುವುದು ಎನ್ನುತ್ತಾರೆ.

"ಗೊತ್ತು. ಇವತ್ತು ಹಾಗೇ ಇರಲಿ," ಎಂದಳು ಟೀಚರ್. ಆ ತಪ್ಪು ಅವಳು ಬೇಕೆಂದೇ ಒಡ್ಡಿದ ಬಲೆ. ಅದಕ್ಕೆ ಬೀಳಬೇಕಾದವರು ಈ ತರಗತಿಯವರಲ್ಲ.

ಅವಳು ಸ್ಪಿರಿಟ್ ದೀಪ ಹಚ್ಚಿದಳು.

ಮೂರನೆಯ ತಟ್ಟೆಯಿಂದ ಒಂದು ಚಿಟಿಕೆ ಹರಳನ್ನು ಲೋಹದ ಚಮಚಕ್ಕೆ ಹಾಕಿ ಉರಿಯ ಮೇಲೆ ಹಿಡಿದಳು. ಬರಿಯ ಸಕ್ಕರೆಯಾದರೆ ಅಷ್ಟೂ ಕರಗಿ ಕಂದಾಗುತ್ತದೆ, ಕೊನೆಗೆ ಕರಿಯಾಗುತ್ತದೆ. ಅದರಲ್ಲಿ ಲವಣ ಬೆರೆತಿದ್ದರೆ ಕರಿಯ ನಡುವೆ ಬಿಳಿಯ ಕಣಗಳು ಕರಗದೆ ಉಳಿಯುತ್ತವೆ. ಆ ಲವಣ ಬೇರಿಯಂನದಾದರೆ, ಒದ್ದೆಮಾಡಿದ ತಂತಿಯ ಕೊಕ್ಕೆಗೆ ಅಂಟಿಸಿ ಹಿಡಿದಾಗ ಉರಿ ಹಸಿರಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದ ಹಿರಿಯರಿಗೆ ಈ ದೀಪವೊಂದು ಸಿಕ್ಕಿದ್ದರೆ ಗಾದೆಯನ್ನು ಇನ್ನೂ ಉದ್ದ ಮಾಡುತ್ತಿದ್ದರು.

ಹರಳುಗಳು ಬೆವರಿದವು. ಅಂಚು ಕರಗಿತು. ಜೇನಿನ ಬಣ್ಣ, ಆಮೇಲೆ ಕಂದು, ಆಮೇಲೆ ಗುಳ್ಳೆಯೆದ್ದು ಕಪ್ಪು. ಮಕ್ಕಳು ಕತ್ತು ಚಾಚಿದರು. ಅವಳು ಆ ಕಪ್ಪಿನೊಳಗೆ ಬಿಳಿಯನ್ನು ಹುಡುಕಿದಳು.

ಬಿಳಿ ಇರಲಿಲ್ಲ.

ತಂತಿಯನ್ನು ಉರಿಗೆ ಹಿಡಿದಳು. ಉರಿ ಹಳದಿಯಾಗಿಯೇ ಆಡಿತು. ಎರಡನೆಯ ಸಲ ಹಿಡಿದಳು, ಮೂರನೆಯ ಸಲವೂ ಹಿಡಿದಳು. ಹಸಿರಿನ ಎಳೆಯೂ ಕಾಣಲಿಲ್ಲ.

"ಇದು ಬರೀ ಸಕ್ಕರೆ," ಎಂದಳು. ದೀಪ ಆರಿಸಿ ಸ್ಟೂಲಿನ ಮೇಲೆ ಕುಳಿತಳು.

ಆಗ ಅವಳ ಸೆರಗನ್ನು ಯಾರೋ ಮೆಲ್ಲನೆ ಎಳೆದರು. ಕ್ಲಾಸ್ ಲೀಡರ್, ಹಾಜರಿ ಪುಸ್ತಕ ಎದೆಗವಚಿಕೊಂಡೇ ಓಡಾಡುವ ಅವಳಿಗೆ 'ಲೀಡರಮ್ಮ' ಎಂದೇ ಹೆಸರು.

"ಮಿಸ್, ಬಯ್ಯಲ್ಲ ಅಂದ್ರೆ ಒಂದು ಹೇಳ್ತೀನಿ."

"ಹೇಳು."

"ತಟ್ಟೆ ಪಕ್ಕ ನಂಬರ್ ಚೀಟಿ ಇಡು ಅಂದಿದ್ರಲ್ಲ. ಇಡೋವಾಗ ಮೂರನೇದು ಮೊಣಕೈ ತಾಗಿ ಬಿದ್ದೋಯ್ತು. ಗಾಜು ಒಡೀಲಿಲ್ಲ, ಪುಡಿ ಎಲ್ಲಾ ನೆಲದ ಪಾಲು. ಇರುವೆ ಮುತ್ತಿದ್ದು ನೋಡಿ ಅದು ಸಕ್ಕರೆ ಅಂತ ಗೊತ್ತಾಯ್ತು. ಅದಕ್ಕೆ ನಾನೇ ತಂದು ಹಾಕಿದೆ."

"ಎಲ್ಲಿಂದ ತಂದೆ? ಲ್ಯಾಬಲ್ಲಿ ಸಕ್ಕರೆ ಇಲ್ವಲ್ಲ, ನಾನೇ ಮನೆಯಿಂದ ತಂದಿದ್ದು."

"ಬೀರುವಲ್ಲಿತ್ತು ಮಿಸ್. ಮೇಷ್ಟ್ರ ಡಬ್ಬದ ಥರಾನೇ. ಚೀಟಿ ಮೇಲೆ ಕೆಂಪು ಗೀಟು ಬೇರೆ ಇತ್ತು, ನೋಟ್‌ಬುಕ್ ತಿದ್ದಿರ್ತಾರಲ್ಲ, ಹಾಗೆ."

"ಯಾವ ಬೀರು?"

"ಏನಮ್ಮಾ, ಪಾಠ ಜೋರಾಗಿ ನಡೀತಾ ಇದೆಯಲ್ಲ."

ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು. ಇಸ್ತ್ರಿಯ ಗೆರೆ ಮುರಿಯದ ಸೀರೆ, ಮೆಟ್ಟಿನ ಸದ್ದಿಲ್ಲದ ನಡಿಗೆ. ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ಯಾರೂ ಕಂಡಿರಲಿಲ್ಲ. ಮಕ್ಕಳು ಧಡಬಡ ನೆಟ್ಟಗಾದರು. ಲಾಯರ್ ಮಾತ್ರ ಕಪ್ಪಾದ ಚಮಚವನ್ನು ಹಿಡಿದು ಮುಂದೆ ಬಂದ.

"ಮೇಡಂ, ನೋಡಿ, ಇದು ಸಕ್ಕರೆ. ಶುದ್ಧ ವಸ್ತು. ಸಾಬೀತಾಗಿದೆ."

"ಅದನ್ನ ನನ್ನ ಹತ್ರ ತರಬೇಡಪ್ಪ." ಮೇಡಂ ನಗುತ್ತ ಹಿಂದೆ ಸರಿದರು. "ಡಾಕ್ಟರು ಬೇಡ ಅಂದು ಹನ್ನೊಂದು ವರ್ಷ ಆಯ್ತು. ವಾಸನೆ ಕಂಡ್ರೂ ನಂಗೆ ಆಗಲ್ಲ."

ಆಮೇಲೆ ಟೀಚರ ಹತ್ತಿರ ಬಂದು ದನಿ ತಗ್ಗಿಸಿದರು. "ಇನ್ಸ್‌ಪೆಕ್ಟರ್ ಫೋನ್ ಮಾಡಿದ್ರು. ನಾಲ್ಕಕ್ಕೆ ಬರ್ತಾರಂತೆ. ಆ ಸಕ್ಕರೆ ಡಬ್ಬದ ಲೇಬಲ್ ಮೇಲಿರೋದು ಅಣ್ಣನ ಅಕ್ಷರ ಅಂತ ಒಂದು ಸಹಿ ಹಾಕಿಬಿಡಮ್ಮ. ಎಳೆದಷ್ಟೂ ನಿಮ್ಮ ತಾಯಿಗೇ ಸಂಕಟ. ಕಣ್ಣಿನ ಆಪರೇಷನ್ ಆದ ಜೀವ, ಅಳಬಾರದು ಅಂತಾರೆ."

"ಯೋಚನೆ ಮಾಡ್ತೀನಿ ಮೇಡಂ."

"ಮಾಡು. ಲೀಡರ್ ಎಲ್ಲಿ? ಬಾ ಮಗು, ಹಾಜರಿಯಲ್ಲಿ ಒಂದು ಹೆಸರು ತಪ್ಪಿದೆ, ನನ್ನ ಜೊತೆ ಬಂದು ಸರಿ ಮಾಡಿಕೊಡು."

ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಮೇಡಂ ನಡೆದರು. ಗಂಟೆ ಹೊಡೆಯಿತು. ಮಕ್ಕಳು ಮಳೆನೀರಿನಂತೆ ಹರಿದು ಹೊರಗೆ ಹೋದರು.

ಟೀಚರ್ ಗಡಿಯಾರ ನೋಡಿದಳು. ಎರಡು ಮುಕ್ಕಾಲು.

ಪರ್ಸಿನಿಂದ ಇನ್ಸ್‌ಪೆಕ್ಟರ್ ಕೊಟ್ಟಿದ್ದ ಫೋಟೋ ತೆಗೆದಳು. ವಿಷದ ಡಬ್ಬದ ಲೇಬಲ್ಲು: 'ಸಕ್ಕರೆ – ಶುದ್ಧ'. ನೀಲಿ ಶಾಯಿ. ಬಲಕ್ಕೆ ವಾಲಿದ ದಪ್ಪ ಅಕ್ಷರ, ಬಾಲ ಎಳೆದ 'ರೆ', ಎಲ್ಲವೂ ಅಣ್ಣನದೇ. ಒಂದು ಮಾತ್ರ ಅವನದಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಣ್ಣ ಹುಟ್ಟಿದಾಗಿನಿಂದ 'ಶುದ್ಧ'ದ ಹೊಟ್ಟೆ ಸೀಳಿದವನಲ್ಲ. ಲ್ಯಾಬಿನ ಉಳಿದ ನಲವತ್ತು ಸೀಸೆಗಳಲ್ಲೂ 'ಶುದ್ದ' ಎಂದೇ ಇದೆ. ಅವಳು ತಿದ್ದಿದಾಗಲೆಲ್ಲ, "ಪಾಪ, ಅದರ ಹೊಟ್ಟೆ ಯಾಕೆ ಸೀಳ್ತೀಯೆ, ಅದೇನು ಮಾಡಿತ್ತು ನಿಂಗೆ," ಎಂದು ನಗುತ್ತಿದ್ದ.

ಈ ಫೋಟೋದಲ್ಲಿ ಹೊಟ್ಟೆ ಸೀಳಿತ್ತು. ಅಂದರೆ ಅಣ್ಣನ ಕೈಬರಹವನ್ನು ನಕಲು ಮಾಡಿದವರು ಅವನ ತಪ್ಪನ್ನು ನಕಲು ಮಾಡಲು ಮರೆತಿದ್ದರು. ತಪ್ಪು ಬರೆಯಲು ಕೈಯೇ ಏಳದ ಮನುಷ್ಯ ಈ ಶಾಲೆಯಲ್ಲಿ ಒಬ್ಬರೇ ಎಂದು ಅವಳು ತೀರ್ಮಾನಿಸಿದ್ದಳು.

ಆ ಮನುಷ್ಯ ಆಗಲೇ ಬಾಗಿಲಲ್ಲಿದ್ದರು.

ಭಾಷೆಯ ಮೇಷ್ಟ್ರು. ಮಕ್ಕಳ ಬಾಯಲ್ಲಿ 'ಒತ್ತಕ್ಷರ'. ಮದುವೆಯ ಕರೆಯೋಲೆ ಬಂದರೂ ಮೊದಲು ಅಕ್ಷರ ತಿದ್ದಿ, ಆಮೇಲೆ ವಧೂವರರ ಹೆಸರು ಓದುವವರು. ಜಗಲಿಯಲ್ಲಿ ಹೋಗುತ್ತಿದ್ದವರ ಕಣ್ಣಿಗೆ ಕಪ್ಪುಹಲಗೆ ಬಿದ್ದಿತ್ತು. ಒಳಬಂದು, ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು, 'ಶುದ್ದ'ದ ಕೆಳಗಿನ ಹೊಟ್ಟೆಯನ್ನು ಸರಕ್ಕನೆ ಸೀಳಿದರು.

ಟೀಚರ್ ಎದ್ದು ಬಾಗಿಲು ಮುಚ್ಚಿದಳು. ಹುತ್ತದೊಳಗೆ ಕೈ ಇಡುವವರಿಗೆ ಹಾವು ಇದೆಯೆಂದು ತಿಳಿದಿದ್ದರೆ ಹೇಗಿರುತ್ತದೋ ಹಾಗಿತ್ತು ಅವಳ ಸ್ಥಿತಿ.

"ಮೇಷ್ಟ್ರೇ, ಹೀಗೇ ಇನ್ನೊಂದು ಕಡೆ ಸೀಳಿದ್ರಾ?"

"ಏನು ಸೀಳೋದು ತಾಯಿ?"

"ಸಕ್ಕರೆ ಡಬ್ಬದ ಮೇಲೆ."

ಸೀಮೆಸುಣ್ಣ ಅವರ ಬೆರಳಿನಿಂದ ಜಾರಿ ಎರಡು ತುಂಡಾಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನ ಕಥೆ ಎಲ್ಲರಿಗೂ ಗೊತ್ತು; ಒತ್ತಕ್ಷರ ಮೇಷ್ಟ್ರು ಜೇಬಿನ ಪೆನ್ನು ಮುಟ್ಟಿಕೊಂಡರು.

"ಯಾರು ಹೇಳಿದ್ರು ನಿಮಗೆ?"

"ನನ್ನ ಅಣ್ಣ ಆರು ದಿನದಿಂದ ಕಂಬಿ ಹಿಂದೆ ಇದ್ದಾನೆ. ಒಂದು ಮಹಾಪ್ರಾಣದ ಮೇಲೆ ಅವನ ಪ್ರಾಣ ನಿಂತಿದೆ. ನೀವು ಬರೆದಿರಾ ಆ ಲೇಬಲ್ಲು?"

"ಬರೆದಿಲ್ಲ. ದೇವರಾಣೆಗೂ ಬರೆದಿಲ್ಲ." ಅವರು ಸ್ಟೂಲಿಗೆ ಆತುಕೊಂಡರು. ಹಣೆಯ ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕಿತು. "ತಿದ್ದಿದೆ, ಅಷ್ಟೇ. ಹೋದ ವಾರ ಸೋಮವಾರ ಮಧ್ಯಾಹ್ನ ರಸಾಯನದ ಮೇಷ್ಟ್ರನ್ನ ಮಾತಾಡಿಸೋಕೆ ಬಂದಿದ್ದೆ. ಡಬ್ಬ ಕಣ್ಣೆದುರಿಗೇ ಇತ್ತು, 'ಶುದ್ದ' ಅಂತ. ಶುದ್ಧ ಅನ್ನೋ ಪದಾನೇ ಅಶುದ್ಧವಾಗಿದ್ರೆ ಹೇಗಮ್ಮ ಸುಮ್ನಿರಲಿ. ಒಂದು ಗೀಟು ಎಳೆದೆ. ಮೇಷ್ಟ್ರು ನಕ್ಕರು. 'ನೀನು ಸತ್ತ ಮೇಲೆ ನಿನ್ನ ತಿಥಿ ಕಾರ್ಡೂ ತಿದ್ದೋಕೆ ಎದ್ದು ಬರ್ತೀಯ,' ಅಂದ್ರು. ಮೂರು ದಿನಕ್ಕೆ ಅವರೇ ಹೋದ್ರು."

"ಪೊಲೀಸಿಗೆ ಯಾಕೆ ಹೇಳಲಿಲ್ಲ?"

"ಡಬ್ಬ ಮುಟ್ಟಿದೆ ಅಂದ್ರೆ ನಿಮ್ಮಣ್ಣನ ಪಕ್ಕ ನಂಗೂ ಜಾಗ ಮಾಡ್ತಿದ್ರು. ಹೆದರಿದೆ ತಾಯಿ. ಆರು ದಿನ ನಿದ್ದೆ ಮಾಡಿಲ್ಲ."

ಇವರು ತಿದ್ದಿದ್ದು ನಿಜವಾದರೆ ಲೇಬಲ್ಲು ಅಣ್ಣನದೇ. ಅವನು ಬರೆದ 'ಶುದ್ದ'ಕ್ಕೆ ಇವರು ಗೀಟು ಸೇರಿಸಿದರು, ಅಷ್ಟೇ. ಆರು ದಿನದಿಂದ ಅವಳು ಹಿಡಿದುಕೊಂಡಿದ್ದ ಒಂದೇ ಹಗ್ಗ ಕೈಯಲ್ಲೇ ಎಳೆಎಳೆಯಾಗಿ ಬಿಚ್ಚಿಕೊಂಡಿತು. ನಾಲ್ಕು ಗಂಟೆಗೆ ಸಹಿ ಹಾಕುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಫೋಟೋವನ್ನು ಮೇಜಿನ ಮೇಲೆ ಹಾಕಿದಳು.

ಒತ್ತಕ್ಷರ ಮೇಷ್ಟ್ರು ಕನ್ನಡಕ ಒರೆಸಿ, ಬಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಹೆದರಿಕೆಯ ಮುಖದ ಮೇಲೆ ನಿಧಾನವಾಗಿ ತಪ್ಪು ತಿದ್ದುವ ಮೇಷ್ಟ್ರ ಮುಖ ಬಂದು ಕೂತಿತು.

"ಇದು ನಾನು ತಿದ್ದಿದ್ದಲ್ಲ."

"ಈಗ ತಾನೇ ತಿದ್ದಿದೆ ಅಂದ್ರಿ."

"ನಾನು ತಿದ್ದಿದ್ದು ಕೆಂಪಿನಲ್ಲಿ. ಮೂವತ್ತು ವರ್ಷದಿಂದ ನನ್ನ ಜೇಬಲ್ಲಿ ಕೆಂಪು ಬಿಟ್ಟು ಬೇರೆ ಪೆನ್ನೇ ಇಲ್ಲ. ಇಲ್ಲಿ ನೋಡಿ, ಗೀಟೂ ನೀಲಿ, ಅಕ್ಷರದ ಜೊತೆಗೇ ಒಂದೇ ಓಟದಲ್ಲಿ ಬಂದಿದೆ. ಇದು ತಿದ್ದಿದ್ದಲ್ಲಮ್ಮ. ತಿದ್ದಿದ್ದನ್ನ ಎದುರಿಗಿಟ್ಟುಕೊಂಡು ಹೊಸದಾಗಿ ಬರೆದಿದ್ದು."

ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಕೆಯಾಗಿ ಕಂಡದ್ದು ಕಣ್ಣೆದುರಿಗೇ ಪದರಪದರವಾಗಿ ಬೇರೆಯಾಯಿತು.

ಡಬ್ಬ ಒಂದಲ್ಲ, ಎರಡು. ಒಂದು ಅಣ್ಣ ಬರೆದದ್ದು, ಕೆಂಪು ಗೀಟಿನದು, ಬರಿಯ ಸಕ್ಕರೆಯದು. ಇನ್ನೊಂದು ಅದನ್ನು ನೋಡಿ ನಕಲು ಮಾಡಿದ್ದು, ವಿಷದ್ದು. ಕೆಂಪು ಗೀಟು ಬಿದ್ದದ್ದು ಸೋಮವಾರ ಮಧ್ಯಾಹ್ನ. ನಕಲು ಹುಟ್ಟಿದ್ದು ಅದರ ನಂತರ. ಸೋಮವಾರ ಬೆಳಗಿನಿಂದ ಬುಧವಾರ ರಾತ್ರಿಯವರೆಗೆ ಅಣ್ಣ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಚಾಪೆ ಹಾಸಿದ್ದ. ಗುರುವಾರ ಶಾಲೆಗೆ ಕಾಲಿಟ್ಟವನೇ ಮೇಷ್ಟ್ರಿಗೆ ಚಹಾ ಕಾಸಿದ್ದ.

"ಅಣ್ಣ ಅಲ್ಲ," ಎಂದಳು. "ಮೇಷ್ಟ್ರೇ, ಇದನ್ನ ಇನ್ಸ್‌ಪೆಕ್ಟರ್ ಎದುರು ಹೇಳ್ತೀರಾ?"

"ಹೇಳ್ತೀನಿ. ಬರೆದೂ ಕೊಡ್ತೀನಿ, ಒಂದೂ ತಪ್ಪಿಲ್ಲದೆ." ಅವರು ಬೆವರು ಒರೆಸಿಕೊಂಡರು. "ಆದ್ರೆ ನನ್ನ ಗೀಟಿರೋ ಡಬ್ಬ ಸಿಗಬೇಕಲ್ಲ. ಬರೀ ಬಾಯಿಮಾತು ಯಾರು ನಂಬ್ತಾರೆ? ಗೇಟಿನಲ್ಲಿ ಆರು ದಿನದಿಂದ ಎಲ್ಲರ ಚೀಲ ತಡಕ್ತಾ ಇದ್ದಾರೆ, ಹೊರಗಂತೂ ಹೋಗಿರಲ್ಲ. ಈ ಶಾಲೆಯೊಳಗೇ ಎಲ್ಲೋ ಇದೆ. ಅದು ಯಾರ ಹತ್ರ ಇದೆಯೋ ಅವರೇ…"

ಮುಂದಿನದು ಅವಳಿಗೆ ಕೇಳಿಸಲಿಲ್ಲ.

'ಚೀಟಿ ಮೇಲೆ ಕೆಂಪು ಗೀಟು ಬೇರೆ ಇತ್ತು, ನೋಟ್‌ಬುಕ್ ತಿದ್ದಿರ್ತಾರಲ್ಲ, ಹಾಗೆ.'

ಮೂರನೆಯ ತಟ್ಟೆ ಅಲ್ಲೇ ಇತ್ತು. ಹರಳುಗಳು ಬಿಸಿಲಿಗೆ ಮಿನುಗುತ್ತಿದ್ದವು. ಯಾವ ಬೀರು ಎಂದು ಅವಳು ಕೇಳಿದ್ದಳು. ಉತ್ತರ ಬರುವ ಮೊದಲೇ ಬಾಗಿಲಿನಿಂದ ಬೇರೊಂದು ದನಿ ಬಂದಿತ್ತು. ಊಟದ ಬಿಡುವಿನಲ್ಲಿ ಕ್ಲಾಸ್ ಲೀಡರ್ ಆದವಳು ಕೈ ಹಾಕುವ ಬೀರು ಇಡೀ ಶಾಲೆಯಲ್ಲಿ ಒಂದೇ, ಹೆಡ್ ಮೇಡಂ ಕೋಣೆಯಲ್ಲಿ ಹಾಜರಿ ಪುಸ್ತಕಗಳನ್ನು ಜೋಡಿಸಿಡುವ ಬೀರು.

ಹೋದ ವರ್ಷ ಈ ಲ್ಯಾಬಿನಲ್ಲಿ ಹೆಸರು ಬರೆಯದ ಸೀಸೆಯೊಂದು ಸಿಡಿದು ಒಬ್ಬ ಹುಡುಗಿಯ ಕಣ್ಣು ಹೋಗಿತ್ತು. ಆ ಸೀಸೆಯನ್ನು ಬಳಸಿ ಎಂದು ಹೇಳಿದವರು ಯಾರೆಂದು ಶುಕ್ರವಾರದ ವಿಚಾರಣೆಯಲ್ಲಿ ಹೇಳುವುದಾಗಿ ರಸಾಯನದ ಮೇಷ್ಟ್ರು ಸಾರಿದ್ದರು. ಗುರುವಾರವೇ ಅವರ ಬಾಯಿ ಮುಚ್ಚಿತು. ಆ ಹೆಸರು ಅಟೆಂಡರ್ ಅಣ್ಣನದೇ ಎಂದು ಊರೆಲ್ಲ ನಂಬಿತ್ತು.

ಟೀಚರ್ ಓಡಿದಳು.

ಒಂಬತ್ತನೆಯ ತರಗತಿಯಲ್ಲಿ ಗಣಿತ ನಡೆಯುತ್ತಿತ್ತು. ಮುಂದಿನ ಬೆಂಚಿನ ತುದಿ ಖಾಲಿ.

"ಲೀಡರಮ್ಮ ಎಲ್ಲಿ?"

"ಇನ್ನೂ ಬಂದಿಲ್ಲ ಮಿಸ್," ಎಂದ ಲಾಯರ್. "ಹೆಡ್ ಮೇಡಂ ಕರ್ಕೊಂಡು ಹೋದ್ರಲ್ಲ. ಒಂದು ಹೆಸರು ತಿದ್ದೋಕೆ ಇಷ್ಟು ಹೊತ್ತಾ?"

ಜಗಲಿ ಉದ್ದವಾಗುತ್ತ ಹೋದಂತಿತ್ತು. ಹೆಡ್ ಮೇಡಂ ಕೋಣೆಯ ಹೊರಗೆ ಹುಡುಗಿಯ ಚಪ್ಪಲಿಗಳು ಒಪ್ಪವಾಗಿ ಜೋಡಿಸಿದ್ದವು. ಸದಾ ತೆರೆದಿರುವ ಬಾಗಿಲು ಇಂದು ಮುಚ್ಚಿತ್ತು. ಟೀಚರ್ ದೂಡಿದಳು. ಒಳಗಿನಿಂದ ಚಿಲಕ.

ಬಡಿಯಲು ಎತ್ತಿದ ಕೈ ಅಲ್ಲೇ ನಿಂತಿತು.

ಹನ್ನೊಂದು ವರ್ಷದಿಂದ ಸಕ್ಕರೆ ಮುಟ್ಟದವರ ಆ ಕೋಣೆಯೊಳಗೆ, ಲೋಟವೊಂದರಲ್ಲಿ ಚಮಚ ನಿಧಾನವಾಗಿ ತಿರುಗುವ ಸದ್ದು ಕೇಳುತ್ತಿತ್ತು. ಕಿಣಿ, ಕಿಣಿ, ಕಿಣಿ. ಆಮೇಲೆ ಚಮಚವನ್ನು ತಟ್ಟೆಯ ಮೇಲಿಟ್ಟ ಸದ್ದು.

"ಕುಡಿ ಮಗು," ಎಂದಿತು ಒಳಗಿನ ಅಕ್ಕರೆಯ ದನಿ. "ಆರಿ ಹೋಗುತ್ತೆ."